ಮರ್ಮಗೋವಾ ಬಂದರಿಗೂ ನಮ್ಮ ಹುಬ್ಬಳ್ಳಿ-ಗದಗಕ್ಕೂ ಏನು ನಂಟು?

ಗದಗಿನ ಹುಡುಗ:

ಎಲ್ಲರಿಗೂ ನಮಸ್ಕಾರ. ಬ್ಯಾಂಕ್ ಕೆಲಸದಲ್ಲಿ ಗೋವಾದ ವಾಸ್ಕೋಗೆ, ಅಂದರೆ ಮರ್ಮಗೋವಾ ಬಂದರಿನ ಊರಿಗೆ, ವರ್ಗವಾಗಿ ಬಂದಿದ್ದೇನೆ. ಮ್ಯಾಂಗೋರ್ ಹಿಲ್‌ನಲ್ಲಿ ರೂಮು. ಓಣಿಯಲ್ಲಿ ಕನ್ನಡ ಕಿವಿಗೆ ಬೀಳುತ್ತಲೇ ಇರುತ್ತದೆ, ಹಾಗಾಗಿ ಪರಊರು ಅನ್ನಿಸಿಲ್ಲ. ಆದರೆ ಒಂದು ವಿಷಯ ತಲೆ ತಿನ್ನುತ್ತಿದೆ.

ಬಂದರಿನಿಂದ ಕಲ್ಲಿದ್ದಲು ತುಂಬಿಕೊಂಡು ಗೂಡ್ಸ್ ಗಾಡಿಗಳು ಹೊರಡುತ್ತವೆ. ಎಲ್ಲಿಗೆ ಅಂತ ಚಹಾ ಅಂಗಡಿಯಲ್ಲಿ ಕೇಳಿದೆ. "ಇನ್ನೆಲ್ಲಿಗೆ, ನಿಮ್ಮ ಕರ್ನಾಟಕಕ್ಕೇ" ಅಂದರು. ಹೇಳಿದ ಧಾಟಿಯಲ್ಲಿ ಸ್ವಲ್ಪ ಸಿಟ್ಟಿತ್ತು. ನಮ್ಮ ಮನೆಯಲ್ಲಿ ನೋಡಿದರೆ ಬೇರೆ ಮಾತು. ಮುತ್ತಜ್ಜ ಹತ್ತಿ ದಲಾಲಿ ಮಾಡುತ್ತಿದ್ದರು. ಗದಗಿನ ಹತ್ತಿ ಗೋವಾದಲ್ಲಿ ಹಡಗು ಹತ್ತುತ್ತಿತ್ತು ಅಂತ ಹಿರಿಯರು ಹೇಳುತ್ತಾರೆ. ಆಗ ಗೋವಾ ಪೋರ್ಚುಗೀಸರದ್ದು, ಗದಗ ಬ್ರಿಟಿಷರದ್ದು ಅಲ್ವಾ? ತಮ್ಮ ಹತ್ತಿಯನ್ನು ಬ್ರಿಟಿಷರು ಇನ್ನೊಬ್ಬರ ಬಂದರಿಗೆ ಯಾಕೆ ಕಳಿಸಿದರು? ಈಗ ಈ ಬಂದರಿನ ಹೊಟ್ಟೆ ತುಂಬುವುದು ಯಾವುದರಿಂದ? ಬಲ್ಲವರು ಬಿಡಿಸಿ ಹೇಳಿ. ನೆಟ್‌ನಲ್ಲಿ ಸಿಕ್ಕಿದ್ದೆಲ್ಲ ಬರೀ ಇಸವಿಗಳು.

ಕುಡ್ಲದ ಕಡಲು:

ಸುಲಭ. ಆಗ ನಮ್ಮ ಪಣಂಬೂರು ಬಂದರು ಇರಲಿಲ್ಲ. ನವಮಂಗಳೂರು ಮೇಜರ್ ಪೋರ್ಟ್ (ಕೇಂದ್ರ ಸರ್ಕಾರದ ಕೈಯಲ್ಲಿರುವ ದೊಡ್ಡ ಬಂದರು) ಆಗಿದ್ದೇ 1974ರಲ್ಲಿ. ಇದ್ದಿದ್ದರೆ ನಿಮ್ಮ ಮುತ್ತಜ್ಜನ ಹತ್ತಿ ನಮ್ಮಲ್ಲಿಗೇ ಬರುತ್ತಿತ್ತು. 😀

ಬೈನಾದ ಸರ್ವೇಯರ್:

ಬರುತ್ತಿರಲಿಲ್ಲ ಮಾರಾಯರೇ, ಶಿರಾಡಿ ಘಾಟಿ ಇಳಿಸಿ ಗದಗಿನ ಹತ್ತಿ ತರುವವರು ಯಾರು?

ತಮ್ಮಾ ಗದಗಿನವನೇ, ನಿಮ್ಮ ಹಿರಿಯರು ಹೇಳಿದ್ದು ಸರಿ. ನಮ್ಮಪ್ಪನೂ ನಿಮ್ಮ ಕಡೆಯವರೇ, ರೋಣ ತಾಲೂಕಿನವರು. ಅದಿರಿನ ಕಾಲದಲ್ಲಿ ಇಲ್ಲಿಗೆ ಹಮಾಲಿ ಕೆಲಸಕ್ಕೆ ಬಂದರು. ನಾನು ಹುಟ್ಟಿ ಬೆಳೆದದ್ದು ವಾಸ್ಕೋದಲ್ಲೇ. ನನ್ನ ಕೆಲಸ ಡ್ರಾಫ್ಟ್ ಸರ್ವೇ. ಹಡಗು ಎಷ್ಟು ಟನ್ ತಂತು, ಎಷ್ಟು ಟನ್ ಒಯ್ದಿತು ಅಂತ ಅಳೆಯುವುದು. ಹಾಗಾಗಿ ನಾನು ಮಾಲಿನ ಕಡೆಯಿಂದಲೇ ಕಥೆ ಹೇಳುತ್ತೇನೆ. ವೈಸರಾಯ್‌ಗಳ ಕಥೆ ಬೇರೆ ಯಾರಾದರೂ ಹೇಳಲಿ.

ಮೊದಲು ಒಂದು ಮಾತು ತಿಳಿದುಕೊಳ್ಳಿ. ಮರ್ಮಗೋವಾ ಬಂದರನ್ನು ಕಟ್ಟಿದ್ದು ಗೋವಾದ ಮಾಲಿಗಾಗಿ ಅಲ್ಲ. ಘಟ್ಟದ ಮೇಲಿನ ಮಾಲಿಗಾಗಿ. ಅಂದಿನಿಂದ ಇಂದಿನವರೆಗೆ ಘಟ್ಟದ ಮೇಲೆ ಏನು ಬೆಳೆಯುತ್ತಾರೆ, ಏನು ಅಗೆಯುತ್ತಾರೆ, ಏನು ಬೇಯಿಸುತ್ತಾರೆ ಅನ್ನುವುದರ ಮೇಲೆಯೇ ಇದರ ನಸೀಬು. ಇಲ್ಲಿಯವರಿಗೂ ಇದು ಪೂರ್ತಿ ಒಪ್ಪಿಗೆ ಆಗುವ ಮಾತಲ್ಲ, ನನಗೆ ಗೊತ್ತು.

ರೈಲು ಬರುವ ಮುಂಚೆ ಧಾರವಾಡ ಸೀಮೆಯ ಹತ್ತಿ ಎತ್ತುಗಳ ಬೆನ್ನ ಮೇಲೆ, ಗಾಡಿಗಳಲ್ಲಿ ಘಟ್ಟ ಇಳಿದು ಕುಮಟಾಕ್ಕೆ ಹೋಗುತ್ತಿತ್ತು. ಅಲ್ಲಿಂದ ಹಾಯಿದೋಣಿಯಲ್ಲಿ ಬೊಂಬಾಯಿಗೆ. ವ್ಯಾಪಾರದವರು ಅದನ್ನು ಕುಮಟಾ ಹತ್ತಿ ಅಂತಲೇ ಕರೆಯುತ್ತಿದ್ದರು. ಬೆಳೆದದ್ದು ಧಾರವಾಡ, ಹೆಸರು ಕುಮಟಾದ್ದು! 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯಿತು. ಅಲ್ಲಿಂದ ಹತ್ತಿ ಬರುವುದು ನಿಂತು ಇಂಗ್ಲೆಂಡಿನ ಗಿರಣಿಗಳು ಒದ್ದಾಡಿದವು. ಆಗ ಮ್ಯಾಂಚೆಸ್ಟರಿನವರಿಗೆ ಧಾರವಾಡದ ನೆನಪು ಜೋರಾಗಿ ಬಂತು. ಕಾರವಾರವನ್ನು ಹತ್ತಿಯ ಬಂದರು ಮಾಡಬೇಕು ಅಂತ ಹಟ ಹಿಡಿದರು. ಅದಕ್ಕಾಗಿಯೇ 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಬೊಂಬಾಯಿ ಪ್ರಾಂತಕ್ಕೆ ಸೇರಿಸಿದರು. ಒಂದು ಜಿಲ್ಲೆಯನ್ನೇ ಎತ್ತಿ ಇನ್ನೊಂದು ಪ್ರಾಂತಕ್ಕೆ ಹಾಕುವಷ್ಟು ಹತ್ತಿಯ ಹುಚ್ಚು. ಆದರೆ ಕಾರವಾರಕ್ಕೆ ರೈಲು ಬರಲೇ ಇಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರೋಣ. ಇನ್ನೊಬ್ಬರ ಬಂದರು ಯಾಕೆ? 1878ರ ಡಿಸೆಂಬರಿನಲ್ಲಿ ಬ್ರಿಟನ್ ಮತ್ತು ಪೋರ್ಚುಗಲ್ ಒಂದು ಒಪ್ಪಂದ ಮಾಡಿಕೊಂಡವು. ಬ್ರಿಟಿಷರಿಗೆ ಬೇಕಾಗಿದ್ದು ಎರಡು. ಒಂದು, ಗೋವಾದ ಅಗ್ಗದ ಉಪ್ಪು ಕಳ್ಳದಾರಿಯಲ್ಲಿ ಘಟ್ಟ ಹತ್ತಬಾರದು. ಅವರ ಉಪ್ಪಿನ ತೆರಿಗೆಗೆ ಅದು ಪೆಟ್ಟು. ಇನ್ನೊಂದು, ಹುಬ್ಬಳ್ಳಿ ಸೀಮೆಯಿಂದ ಸಮುದ್ರಕ್ಕೆ ಹತ್ತಿರದ ದಾರಿ. ಪೋರ್ಚುಗೀಸರಿಗೆ ಬೇಕಾಗಿದ್ದು ದುಡ್ಡು, ಮತ್ತು ಬಡವಾಗಿ ಬಿದ್ದಿದ್ದ ಗೋವಾಕ್ಕೆ ಏನಾದರೂ ಒಂದು ಆಸರೆ. ಗೋವಾದ ಉಪ್ಪಿನ ಮೇಲೆ ಬ್ರಿಟಿಷರ ಹಿಡಿತ ಬಂತು, ಬದಲಿಗೆ ಪೋರ್ಚುಗಲ್‌ಗೆ ವರ್ಷಕ್ಕೆ 4 ಲಕ್ಷ ರೂಪಾಯಿ. ರೈಲು ಮತ್ತು ಬಂದರು ಕಟ್ಟಲು ಲಂಡನ್ನಿನಲ್ಲಿ ಒಂದು ಕಂಪನಿ ಹುಟ್ಟಿತು. ಹಾಕಿದ ಬಂಡವಾಳಕ್ಕೆ ಬಡ್ಡಿಯ ಗ್ಯಾರಂಟಿ ಪೋರ್ಚುಗಲ್ ಸರ್ಕಾರದ್ದು. ಅಂದರೆ ನಷ್ಟವಾದರೆ ಲಿಸ್ಬನ್ನಿನ ತಲೆಗೆ. ಬ್ರಿಟಿಷರು ಇನ್ನೊಬ್ಬರ ಬಂದರಿಗೆ ಸುಮ್ನೆ ಹೋಗಲಿಲ್ಲ, ತಿಳೀತಲ್ಲ?

ಮೇಲಿನಿಂದ ಸದರ್ನ್ ಮರಾಠಾ ರೈಲ್ವೆ ಲೈನ್ ಹಾಕುತ್ತ ಬಂತು. ಅದರ ಮುಖ್ಯ ಕಚೇರಿ ಧಾರವಾಡದಲ್ಲಿತ್ತು. ಕೆಳಗಿನಿಂದ ಪೋರ್ಚುಗೀಸ್ ಕಡೆಯ ಲೈನ್ ಕುಳೆ, ದೂಧ್‌ಸಾಗರ್ ಹಾದು ಹತ್ತಿತು. ಎರಡೂ ಘಟ್ಟದ ಮೇಲಿನ ಕ್ಯಾಸಲ್‌ರಾಕ್‌ನಲ್ಲಿ ಕೂಡಿದವು. 1888ಕ್ಕೆ ಹುಬ್ಬಳ್ಳಿ ಕಡೆಯಿಂದ ಹೊರಟ ವ್ಯಾಗನ್ ನೇರ ಹಡಗಿನ ಪಕ್ಕಕ್ಕೆ ಬಂದು ನಿಲ್ಲುವಂತಾಯಿತು. ಕಾರವಾರದ ಕನಸು ಅಲ್ಲಿಗೆ ಮುಗಿಯಿತು. ಹುಬ್ಬಳ್ಳಿ-ಅಂಕೋಲಾ ಲೈನಿಗೆ ಆ ಕಡೆಯವರು ಇಂದಿಗೂ ಕಾಯುತ್ತಿದ್ದಾರೆ.

ಇಷ್ಟೆಲ್ಲ ಆಗಿ ಲಾಭ ಬಂತಾ? ಇಲ್ಲ. ಒಂದೆರಡು ವರ್ಷದಲ್ಲೇ ಲೋಂಡಾದಿಂದ ಬೆಳಗಾವಿ, ಮಿರಜ್ ಮೇಲೆ ಪುಣೆಗೆ ಲೈನ್ ಸೇರಿತು. ಹತ್ತಿ ಮತ್ತೆ ಬೊಂಬಾಯಿ ಕಡೆ ಮುಖ ಮಾಡಿತು. ಬೊಂಬಾಯಿಯಲ್ಲಿ ದಲಾಲರು, ಬ್ಯಾಂಕು, ಗಿರಣಿ ಎಲ್ಲ ಇದ್ದವು. ಇಲ್ಲಿ ಏನಿತ್ತು? ಹಡಗು ನಿಲ್ಲಲು ಒಳ್ಳೆಯ ಆಳದ ನೀರು ಮತ್ತು ಕಸ್ಟಮ್ಸ್ ತಪಾಸಣೆ. ನಿಮ್ಮ ಮುತ್ತಜ್ಜ ಸ್ವಲ್ಪ ಹತ್ತಿ ಇಲ್ಲಿಗೆ ಕಳಿಸಿರಬಹುದು, ಆದರೆ ಜಾಸ್ತಿ ಪಾಲು ಬೊಂಬಾಯಿಗೇ ಹೋಗಿರುತ್ತದೆ. ಪೋರ್ಚುಗಲ್ ಮಾತ್ರ ಗ್ಯಾರಂಟಿ ಬಡ್ಡಿ ಕಟ್ಟುತ್ತ ಕೂತಿತು. 1902ರಲ್ಲಿ ಲೈನ್ ನಡೆಸುವ ಕೆಲಸವೇ ಸದರ್ನ್ ಮರಾಠಾದ ಕೈಗೆ ಬಂತು.

1943ರ ಮಾರ್ಚಿನಲ್ಲಿ ಇಲ್ಲಿ ಆಶ್ರಯ ಪಡೆದಿದ್ದ ಜರ್ಮನ್ ಹಡಗು ಎಹ್ರೆನ್‌ಫೆಲ್ಸ್ ಮೇಲೆ ಕಲ್ಕತ್ತಾದಿಂದ ಬಂದ ವಯಸ್ಸಾದ ಸ್ವಯಂಸೇವಕರು ರಾತ್ರಿ ದಾಳಿ ಮಾಡಿದ ಕಥೆ ನೀವು ಕೇಳಿರಬಹುದು. ರೋಚಕ ಕಥೆ, ನಿಜವೂ ಹೌದು. ಪೋರ್ಚುಗಲ್ ಯುದ್ಧದಲ್ಲಿ ತಟಸ್ಥವಾಗಿತ್ತು, ಅದಕ್ಕೇ ಜರ್ಮನ್, ಇಟಾಲಿಯನ್ ಹಡಗುಗಳು ಇಲ್ಲಿ ಬಂದು ಕೂತಿದ್ದವು. ಆದರೆ ಬಂದರಿನ ಅನ್ನಕ್ಕೆ ಅದರಿಂದ ಏನೂ ಆಗಲಿಲ್ಲ, ಮುಂದೆ ಹೋಗೋಣ.

ಅನ್ನ ಕೊಟ್ಟದ್ದು ಅದಿರು. 1955ರಲ್ಲಿ ಭಾರತ ಗೋವಾದ ಮೇಲೆ ದಿಗ್ಬಂಧನ ಹಾಕಿತು, ಘಟ್ಟದ ರೈಲು ಬಂದಾಯಿತು. ಮೇಲಿನ ಮಾಲು ಪೂರ್ತಿ ನಿಂತಿತು. ಆ ಹೊತ್ತಿನಲ್ಲೇ ಗೋವಾದ ಗುಡ್ಡಗಳ ಕಬ್ಬಿಣದ ಅದಿರಿಗೆ ಜಪಾನಿನಿಂದ ಬೇಡಿಕೆ ಬಂತು. ಬಾರ್ಜುಗಳಲ್ಲಿ (ಚಪ್ಪಟೆ ತಳದ ಸರಕು ದೋಣಿಗಳು) ತುಂಬಿ ಮಾಂಡವಿ, ಜುವಾರಿ ನದಿಗಳಲ್ಲಿ ತೇಲಿಸಿಕೊಂಡು ಬಂದರಿಗೆ ತರುತ್ತಿದ್ದರು. ಮಳೆಗಾಲದಲ್ಲಿ ಮಾಂಡವಿಯ ಬಾಯಲ್ಲಿ ಅಲೆ ಜೋರು. ಆಗ ಬಾರ್ಜುಗಳು ಕುಂಭಾರ್ಜುವಾ ಕಾಲುವೆ ಹಿಡಿದು ಒಳಗಿನಿಂದಲೇ ಜುವಾರಿಗೆ ಬರುತ್ತಿದ್ದವು. ಘಟ್ಟ ಇಲ್ಲದೆ ಈ ಬಂದರು ಬದುಕಿದ ಕಾಲ ಅಂದರೆ ಅದೊಂದೇ.

1961ರಲ್ಲಿ ಗೋವಾ ಬಿಡುಗಡೆ ಆಯಿತು, 1963ರಲ್ಲಿ ಇದು ಮೇಜರ್ ಪೋರ್ಟ್. ಲೈನ್ ಮತ್ತೆ ತೆರೆಯಿತು, ಬಳ್ಳಾರಿ-ಹೊಸಪೇಟೆಯ ಅದಿರೂ ಇಳಿಯತೊಡಗಿತು. 1979ರಲ್ಲಿ ಯಂತ್ರದಿಂದ ಅದಿರು ತುಂಬುವ ಬರ್ತ್ (ಹಡಗು ಕಟ್ಟುವ ಕಟ್ಟೆ) ಬಂತು. ನಮ್ಮಪ್ಪನಂಥವರ ತಲೆಯ ಮೇಲಿನ ಬುಟ್ಟಿ ಇಳಿಯಿತು, ಜೊತೆಗೆ ಎಷ್ಟೋ ಜನರ ಕೆಲಸವೂ ಇಳಿಯಿತು. ಆಮೇಲೆ ಚೀನಾ ಬಂತು. ಯಾರೂ ಮೂಸಿ ನೋಡದ ಕಡಿಮೆ ದರ್ಜೆಯ ಅದಿರಿನ ಪುಡಿಗೂ ಬೆಲೆ ಬಂತು. 2010-11ರಲ್ಲಿ ಈ ಬಂದರು ಒಂದೇ ವರ್ಷಕ್ಕೆ 5 ಕೋಟಿ ಟನ್ ಆಸುಪಾಸು ಮಾಲು ದಾಟಿಸಿತು. ಊರಲ್ಲಿ ನಿದ್ದೆ ಅನ್ನುವುದೇ ಇರಲಿಲ್ಲ.

ಆಮೇಲೆ ಗೊತ್ತಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿ ನಿಲ್ಲಿಸಿತು, 2012ರಲ್ಲಿ ಗೋವಾದ್ದೂ ನಿಂತಿತು. ಎರಡು ಮೂರು ವರ್ಷದಲ್ಲಿ ಬಂದರಿನ ಮಾಲು ಕಾಲು ಭಾಗಕ್ಕೆ ಬಂತು. ನದಿಯಲ್ಲಿ ಬಾರ್ಜುಗಳು ಸಾಲಾಗಿ ತುಕ್ಕು ಹಿಡಿದು ನಿಂತವು. ಸಾಲ ಮಾಡಿ ಬಾರ್ಜು ಕೊಂಡವರ ಕಥೆಯನ್ನು ನಿಮ್ಮ ಬ್ಯಾಂಕಿನ ಹಳಬರನ್ನು ಕೇಳಿ, ನನಗಿಂತ ಚೆನ್ನಾಗಿ ಹೇಳುತ್ತಾರೆ.

ಈಗ ಕಲ್ಲಿದ್ದಲು. ಬಳ್ಳಾರಿ ಕಡೆಯ ತೋರಣಗಲ್ಲಿನ ಕಾರ್ಖಾನೆಗೆ ಉಕ್ಕು ಮಾಡಲು ಅದಿರು ಪಕ್ಕದಲ್ಲೇ ಇದೆ. ಆದರೆ ಉಕ್ಕಿನ ಕುಲುಮೆಗೆ ಬೇಕಾದ ಕೋಕಿಂಗ್ ಕಲ್ಲಿದ್ದಲು ಕರ್ನಾಟಕದಲ್ಲಿ ಇಲ್ಲವೇ ಇಲ್ಲ. ಅದು ಆಸ್ಟ್ರೇಲಿಯಾದಂಥ ಕಡೆಯಿಂದ ಹಡಗಿನಲ್ಲಿ ಬರಬೇಕು. ಹೀಗಾಗಿ ಲೆಕ್ಕ ತಿರುಗಾಮುರುಗಾ ಆಗಿದೆ. ಹಿಂದೆ ಗಾಡಿಗಳು ತುಂಬಿಕೊಂಡು ಇಳಿದು ಹಗುರವಾಗಿ ಹತ್ತುತ್ತಿದ್ದವು. ಈಗ ತುಂಬಿಕೊಂಡು ಹತ್ತುತ್ತವೆ. ಇಂಗ್ಲಿಷರು ಹತ್ತಿ ಇಳಿಸಲು ಹಾಕಿದ ದಾರಿ ಈಗ ಕಲ್ಲಿದ್ದಲು ಏರಿಸುವ ದಾರಿ.

ಚಹಾ ಅಂಗಡಿಯವರ ಸಿಟ್ಟು ಸುಳ್ಳಲ್ಲ. ಉಕ್ಕು ಆಗುವುದು ಘಟ್ಟದ ಮೇಲೆ, ಪುಡಿ ಹಾರುವುದು ಕೆಳಗೆ. ಊರಿನ ಮಗ್ಗುಲಲ್ಲೇ ಬಂದರು, ನಡುವೆ ಜಾಗವೇ ಇಲ್ಲ. ಕಲ್ಲಿದ್ದಲು ರಾಶಿಗೆ ನೀರು ಹೊಡೆಯುತ್ತಾರೆ, ಟಾರ್ಪಾಲು ಹಾಕುತ್ತಾರೆ. ಮುಚ್ಚಿದ ಶೆಡ್ ಬೇಕು ಅನ್ನುವ ಮಾತೂ ಇದೆ. ನನ್ನ ಸಂಬಳ ಅದರಿಂದಲೇ ಬರುತ್ತದೆ, ಆದರೂ ಹೇಳುತ್ತೇನೆ: ಆ ಬೇಡಿಕೆ ನ್ಯಾಯವಾದದ್ದು.

ಗದಗಿನ ಹುಡುಗ:

ಅಣ್ಣಾ, ಇಷ್ಟು ಬರೆದದ್ದಕ್ಕೆ ಶರಣು. ಮುತ್ತಜ್ಜನ ಮಾತಿಗೆ ಸ್ವಲ್ಪ ಕತ್ತರಿ ಹಾಕಿದಿರಿ, ಇರಲಿ. 😀 ಒಂದು ಕುತೂಹಲ. ಹಡಗನ್ನು ತೂಗುವ ತಕ್ಕಡಿ ಇಲ್ಲವಲ್ಲ, ನೀವು ಟನ್ ಹೇಗೆ ಹೇಳುತ್ತೀರಿ?

ಬೈನಾದ ಸರ್ವೇಯರ್:

ಹಡಗೇ ತಕ್ಕಡಿ. ಎಷ್ಟು ಮುಳುಗಿದೆ ನೋಡಿದರೆ ಎಷ್ಟು ಭಾರ ಅಂತ ಗೊತ್ತಾಗುತ್ತದೆ. ಹಡಗಿನ ಹೊರಮೈ ಮೇಲೆ ಮುಂದೆ, ನಡುವೆ, ಹಿಂದೆ, ಎರಡೂ ಪಕ್ಕ ಅಂಕಿಗಳು ಇರುತ್ತವೆ. ಒಟ್ಟು ಆರು ಕಡೆ. ಒಂದೊಂದು ಅಂಕಿ 10 ಸೆಂಟಿಮೀಟರ್ ಎತ್ತರ. ಬರ್ತ್ ಕಡೆಯದ್ದನ್ನು ನಿಂತೇ ಓದಬಹುದು. ಸಮುದ್ರದ ಕಡೆಯದ್ದಕ್ಕೆ ಲಾಂಚ್‌ನಲ್ಲಿ ಹೋಗಬೇಕು, ಇಲ್ಲವೇ ಹಗ್ಗದ ಏಣಿ ಇಳಿಯಬೇಕು. ನೀರು ಸುಮ್ಮನೆ ನಿಲ್ಲುವುದಿಲ್ಲ. ಅಲೆ ಏರಿದಾಗ ಎಷ್ಟು, ಇಳಿದಾಗ ಎಷ್ಟು ಅಂತ ನೋಡುತ್ತ ನೋಡುತ್ತ ನಡುವಿನದ್ದನ್ನು ಹಿಡಿಯಬೇಕು. ದೊಡ್ಡ ಕೇಪ್‌ಸೈಜ್ ಹಡಗಿನಲ್ಲಿ ಒಂದು ಸೆಂಟಿಮೀಟರ್ ಹೆಚ್ಚುಕಡಿಮೆ ಆದರೆ ನೂರು ಟನ್ನಿಗೂ ಜಾಸ್ತಿ ವ್ಯತ್ಯಾಸ. ಹಡಗಿನ ಚೀಫ್ ಆಫೀಸರ್ ಒಂದು ಅಂಕಿ ಹೇಳುತ್ತಾನೆ, ನಾನು ಇನ್ನೊಂದು ಹೇಳುತ್ತೇನೆ, ಮತ್ತೆ ಇಬ್ಬರೂ ಬಗ್ಗಿ ನೋಡುತ್ತೇವೆ.

ಅಷ್ಟಕ್ಕೇ ಮುಗಿಯುವುದಿಲ್ಲ. ಬಾಟಲಿ ಇಳಿಸಿ ಆ ಹಡಗಿನ ಪಕ್ಕದ ನೀರನ್ನೇ ಎತ್ತಿ ಅದರಲ್ಲಿ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಬಿಡಬೇಕು. ಸಮುದ್ರದ ನೀರು 1.025 ತೋರಿಸುತ್ತದೆ. ಮಳೆಗಾಲದಲ್ಲಿ ಜುವಾರಿ ನದಿ ಸಿಹಿನೀರು ತಂದು ಸುರಿಯುತ್ತದೆ, ಅಂಕಿ ಕೆಳಗೆ ಬರುತ್ತದೆ. ಅದೇ ಮಾಲು, ಅದೇ ಹಡಗು, ಆದರೆ ಜಾಸ್ತಿ ಮುಳುಗಿರುತ್ತದೆ. ಇದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಇಲ್ಲದ ಕಲ್ಲಿದ್ದಲು ಕಾಗದದ ಮೇಲೆ ಬಂದುಬಿಡುತ್ತದೆ. ಆಮೇಲೆ ಬ್ಯಾಲಸ್ಟ್ ಟ್ಯಾಂಕಿನ (ಹಡಗಿನ ಸಮತೋಲಕ್ಕೆ ತುಂಬುವ) ನೀರು, ಇಂಧನ, ಕುಡಿಯುವ ನೀರು ಎಲ್ಲ ಕಳೆಯಬೇಕು. ಮಾಲು ಇಳಿದ ಮೇಲೆ ಇದೆಲ್ಲ ಇನ್ನೊಮ್ಮೆ. ಎರಡರ ಅಂತರವೇ ಬಂದ ಮಾಲು.

ಕ್ಯಾಸಲ್‌ರಾಕ್ ಗಾರ್ಡ್ (ನಿವೃತ್ತ):

ಸರ್ವೇಯರ್ ಸಾಹೇಬರೇ, ನೀವು ಹಡಗಿನ ಹತ್ತಿರ ನಿಂತುಬಿಟ್ಟಿರಿ. ಘಟ್ಟದ ಸಂಕಟ ನಾವು ಹೇಳಬೇಕು. ಕುಳೆಯಿಂದ ಕ್ಯಾಸಲ್‌ರಾಕ್‌ವರೆಗೆ 37 ಅಡಿ ಮುಂದೆ ಹೋದರೆ ಒಂದು ಅಡಿ ಮೇಲೆ ಹೋದಂತೆ. ರೈಲಿಗೆ ಇದು ವಿಪರೀತ ಕಡಿದು. ಅದಕ್ಕೇ ಗಾಡಿಗೆ ಬ್ಯಾಂಕರ್ ಎಂಜಿನ್‌ಗಳನ್ನು, ಅಂದರೆ ಘಟ್ಟ ಹತ್ತಿಸಲು ನೆರವಾಗುವ ಹೆಚ್ಚುವರಿ ಎಂಜಿನ್‌ಗಳನ್ನು, ಜೋಡಿಸುತ್ತಾರೆ. ಇಳಿಯುವಾಗ ಬೇರೆ ಭಯ. ಬ್ರೇಕ್ ಪರೀಕ್ಷೆ ಆಗದೆ ಕ್ಯಾಸಲ್‌ರಾಕ್‌ನಿಂದ ಯಾವ ಗಾಡಿಯೂ ಬಿಡುವುದಿಲ್ಲ. ಹಿಡಿತ ತಪ್ಪಿದ ಗಾಡಿಯನ್ನು ಬೇರೆ ದಾರಿಗೆ ತಿರುಗಿಸಿ ನಿಲ್ಲಿಸಲು ಕ್ಯಾಚ್ ಸೈಡಿಂಗ್ ಇವೆ. ಮಳೆಗಾಲದಲ್ಲಿ ಗುಡ್ಡ ಜರಿದು ಲೈನ್ ಮೇಲೆ ಬಿದ್ದರೆ ಎಲ್ಲ ಬಂದ್.

ಒಂದು ರೇಕ್ ಅಂದರೆ 58ರಷ್ಟು ವ್ಯಾಗನ್, ಮೂರೂವರೆ ಸಾವಿರ ಟನ್ನಿನ ಮೇಲೆ ಮಾಲು. 70,000 ಟನ್ನಿನ ಒಂದು ಹಡಗು ಖಾಲಿ ಮಾಡಲು ಇಪ್ಪತ್ತು ರೇಕ್ ಬೇಕು. ಇರುವುದು ಒಂದೇ ಲೈನ್, ಪ್ಯಾಸೆಂಜರ್ ಗಾಡಿಗಳೂ ಅದರ ಮೇಲೆಯೇ. ಡಬಲ್ ಮಾಡಲು ಹೊರಟಾಗ ಗೋವಾದವರು ಬೀದಿಗಿಳಿದರು. ಈ ಭಾಗ ಅಭಯಾರಣ್ಯದ ನಡುವೆ ಹೋಗುತ್ತದೆ. 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಕ್ಯಾಸಲ್‌ರಾಕ್-ಕುಳೆ ಡಬಲಿಂಗ್‌ಗೆ ಸಿಕ್ಕಿದ್ದ ವನ್ಯಜೀವಿ ಮಂಡಳಿಯ ಒಪ್ಪಿಗೆಯನ್ನು ರದ್ದು ಮಾಡಿತು. ಬಂದರಿನಲ್ಲಿ ಎಷ್ಟು ಬರ್ತ್ ಕಟ್ಟಿದರೂ ಲಗಾಮು ಇರುವುದು ಘಟ್ಟದ ಕೈಯಲ್ಲಿ.

ಕುಡ್ಲದ ಕಡಲು:

ಅದಕ್ಕೇ ಹೇಳಿದ್ದು, ನಮ್ಮಲ್ಲಿಗೆ ಬನ್ನಿ ಅಂತ. ಅದಿರಿನ ಗಲಾಟೆಯಲ್ಲಿ ನಮ್ಮ ಬಂದರೂ ದುಡಿದಿದೆ. ಆದರೆ ಒಂದು ಕಹಿ ನೆನಪೂ ಇದೆ. 2009ರ ಜುಲೈನಲ್ಲಿ ಏಷ್ಯನ್ ಫಾರೆಸ್ಟ್ ಅನ್ನುವ ಹಡಗು ಅದಿರಿನ ಪುಡಿ ತುಂಬಿಕೊಂಡು ಮಂಗಳೂರಿನಿಂದ ಹೊರಟು ಹತ್ತಿರದಲ್ಲೇ ಮುಳುಗಿತು. ಸಿಬ್ಬಂದಿ ಬದುಕಿದರು. ಕಬ್ಬಿಣದ ಪುಡಿ ನೀರಾಗುತ್ತದೆ ಅಂತ ಆಗ ಕೇಳಿದ್ದೆ, ಅದು ಹೇಗೆ ಅಂತ ಇನ್ನೂ ಅರ್ಥ ಆಗಿಲ್ಲ.

ಬೈನಾದ ಸರ್ವೇಯರ್:

ಅದು ನಮ್ಮ ಕೆಲಸದವರ ನಿದ್ದೆ ಕೆಡಿಸಿದ ವರ್ಷ. ಮಳೆಯಲ್ಲಿ ನೆನೆದ ಪುಡಿ ನೋಡಲು ಒಣಗಿದಂತೆಯೇ ಇರುತ್ತದೆ. ಹಡಗು ಅಲುಗಾಡಿದಾಗ ಕಾಳುಗಳು ಒತ್ತಿಕೊಂಡು ನಡುವಿನ ನೀರು ಮೇಲೆ ಬರುತ್ತದೆ. ಇಡೀ ರಾಶಿ ರಾಡಿಯ ಹಾಗೆ ಒಂದು ಪಕ್ಕಕ್ಕೆ ಹರಿಯುತ್ತದೆ, ಹಡಗು ವಾಲುತ್ತದೆ, ಮತ್ತೆ ಏಳುವುದಿಲ್ಲ. ಅದಕ್ಕೆ ಒಂದು ಹಳೆಯ ಪರೀಕ್ಷೆ ಇದೆ. ಡಬ್ಬಿಯಲ್ಲಿ ಅರ್ಧ ಪುಡಿ ತುಂಬಿ ಗಟ್ಟಿ ನೆಲಕ್ಕೆ 25 ಸಲ ಕುಟ್ಟುವುದು. ಮೇಲೆ ನೀರು ಮಿನುಗಿದರೆ ತುಂಬುವ ಮುಂಚೆ ಲ್ಯಾಬಿಗೆ ಕಳಿಸಬೇಕು. ನೀರು ಕಾಣಲಿಲ್ಲ ಅಂದ ಮಾತ್ರಕ್ಕೆ ಮಾಲು ಸುರಕ್ಷಿತ ಅಂತಲೂ ಅಲ್ಲ. ಮಳೆಗಾಲದಲ್ಲಿ "ಬೇಗ ತುಂಬಿ" ಅಂತ ಎಲ್ಲರೂ ಅವಸರ ಮಾಡುವಾಗ ಡಬ್ಬಿ ಹಿಡಿದು ಕುಟ್ಟುತ್ತ ಕೂತವನನ್ನು ಯಾರೂ ಪ್ರೀತಿಯಿಂದ ನೋಡುವುದಿಲ್ಲ.

ಗದಗಿನ ಹುಡುಗ:

ಕೊನೆಯದಾಗಿ ಒಂದು. ನಾಳೆ ಕಲ್ಲಿದ್ದಲು ಬೇಡ ಅಂತ ಆಯಿತು ಅನ್ನಿ. ಬಂದರು ಮುಚ್ಚುತ್ತದಾ?

ಬೈನಾದ ಸರ್ವೇಯರ್:

ಮುಚ್ಚುವುದಿಲ್ಲ, ಬಡವಾಗುತ್ತದೆ. ಬೇರೆ ಮಾಲೂ ಇದೆ. ಮೇಲಿನಿಂದ ಉಕ್ಕಿನ ಹಾಳೆಯ ಸುರುಳಿಗಳು (ಕಾಯಿಲ್) ಇಳಿಯುತ್ತವೆ, ಗ್ರಾನೈಟ್ ಬರುತ್ತದೆ. ಜುವಾರಿನಗರದ ಗೊಬ್ಬರ ಕಾರ್ಖಾನೆಗೆ ಅಮೋನಿಯಾ, ಫಾಸ್ಫೊರಿಕ್ ಆಸಿಡ್ ಬರುತ್ತದೆ. ಕಾಗದದ ಗಿರಣಿಗೆ ಮರದ ಚಕ್ಕೆ ಬರುತ್ತದೆ. ಚಳಿಗಾಲದಲ್ಲಿ ಕ್ರೂಸ್ ಹಡಗು ಬಂದು ಟೂರಿಸ್ಟರನ್ನು ಇಳಿಸುತ್ತವೆ. 2022ರಲ್ಲಿ ಕರ್ನಾಟಕದ ಅದಿರಿನ ರಫ್ತಿಗೂ ಕೋರ್ಟ್ ಬಾಗಿಲು ತೆರೆದಿದೆ, ಗೋವಾದ ಗಣಿಗಳೂ ಹರಾಜಾಗಿ ಮತ್ತೆ ಶುರುವಾಗುತ್ತಿವೆ. ಆದರೆ ಇದೆಲ್ಲ ಸೇರಿದರೂ ಕಲ್ಲಿದ್ದಲಿನ ಜಾಗ ತುಂಬುವುದು ಕಷ್ಟ. ಇನ್ನೊಂದು ತೊಡಕು ಆಳದ್ದು. ಪೂರ್ತಿ ತುಂಬಿದ ಕೇಪ್‌ಸೈಜ್ ಹಡಗಿಗೆ 18 ಮೀಟರ್ ಹತ್ತಿರ ನೀರು ಬೇಕು. ಇಲ್ಲಿ ಹಡಗು ಒಳಬರುವ ದಾರಿ, ಅಂದರೆ ಚಾನಲ್, ಆಳ 14 ಮೀಟರ್ ಸುಮಾರು. ಅದಿರಿನ ಕಾಲದಲ್ಲಿ ಹಡಗು ಹೊರಗೆ ಲಂಗರು ಹಾಕಿ ನಿಂತು ಉಳಿದ ಮಾಲನ್ನು ಅಲ್ಲಿಯೇ ತುಂಬಿಸಿಕೊಳ್ಳುತ್ತಿತ್ತು. ಕಲ್ಲಿದ್ದಲಿನ ಹಡಗು ಬರುವಾಗಲೇ ಕಡಿಮೆ ತುಂಬಿಕೊಂಡು ಬರಬೇಕು, ಬಾಡಿಗೆ ಮೈಮೇಲೆ ಬೀಳುತ್ತದೆ.

ಭಾನುವಾರ ಬಿಡುವಾದರೆ ಸಡಾದ ಜಪಾನೀಸ್ ಗಾರ್ಡನ್‌ಗೆ ಹೋಗಿ. ಹೊರಗೆ ಲಂಗರು ಹಾಕಿದ ಹಡಗುಗಳು ಕಾಣುತ್ತವೆ. ಹಡಗಿನ ಕೆಳಗಿನ ಕೆಂಪು ಬಣ್ಣ ಅಗಲವಾಗಿ ಕಂಡರೆ ಅದು ಖಾಲಿ, ಗೆರೆಯಷ್ಟು ಕಂಡರೆ ಅಥವಾ ಕಾಣದಿದ್ದರೆ ತುಂಬಿದೆ. ಯಾವುದು ಏನು ಅಂತ ಊಹಿಸಿ ಇಲ್ಲಿ ಬರೆಯಿರಿ. ಆ ದಿನದ ಹಡಗುಗಳ ಪಟ್ಟಿ ನನ್ನ ಹತ್ತಿರ ಇರುತ್ತದೆ, ಸರಿಯೋ ತಪ್ಪೋ ಹೇಳುತ್ತೇನೆ.